ಖಾಲಿ ಡಬ್ಬಿಯ ತೇವ

"ಹದಿನಾಲ್ಕೂವರಿ," ಎಂದ ಗುರುಬಸವರಾಜ, ಯಂತ್ರದ ಮುಳ್ಳಿನಿಂದ ಕಣ್ಣು ಕೀಳದೆ. "ತೇವ ಹನ್ನೆರಡರ ಒಳಗ ಇರಬೇಕಮ್ಮ. ಬೀಜಕ್ಕ ಆಗಂಗಿಲ್ಲ."

ಹಲವಾಗಲಿನ ಎರ್ರಮ್ಮ ತನ್ನ ಚೀಲದಿಂದ ಒಂದು ಮೆಕ್ಕೆಜೋಳದ ಕಾಳು ತೆಗೆದು ಹಲ್ಲಿಗೆ ಕೊಟ್ಟಳು. ಕಟಕ್ಕೆಂದಿತು. "ಹನ್ನೊಂದು ದಿನ ಕಣದಾಗ ಒಣಗಿಸೀನ್ರಿ. ಇದು ಹಸಿ ಅಲ್ಲ."

ಬೀಜಕ್ಕೆಂದೇ ಬೇರೆ ಹೊಲದಲ್ಲಿ ಬೆಳೆದ ಮೆಕ್ಕೆಜೋಳ. ಇಲ್ಲಿ ಬೇಡವೆಂದರೆ ಕಡಿಮೆ ಬೆಲೆಗೆ ಕೋಳಿ ಮೇವಿನ ಗಿರಣಿಗೆ ಹೋಗಬೇಕು. ಹರಪನಹಳ್ಳಿಯ ಬೀಜ ಸಂಘದ ಗೋದಾಮಿಗೆ ತೇವ ಅಳೆಯುವ ಯಂತ್ರ ಬಂದು ಎರಡು ವರ್ಷವಾಗಿತ್ತು. ಬಿ.ಎಸ್ಸಿ. ಓದಿದ್ದ ಗುರುಬಸವರಾಜನಿಗೆ ಅದರ ಮೇಲೆ ಅಭಿಮಾನ.

"ಹಲ್ಲಿಗೆ ಗೊತ್ತಾಗಂಗಿಲ್ಲಮ್ಮ," ಎಂದು ಯಂತ್ರದ ಕಾಳು ತುಂಬುವ ಡಬ್ಬಿಯನ್ನು ಅವಳತ್ತ ತಿರುಗಿಸಿದ. "ಈ ಎರಡು ತಗಡಿನ ನಡುವ ಕರೆಂಟಿನ ಎಳೆತ ಇರತೈತಿ. ಕಾಳಿನ ಕಣ ಇದ್ದಲ್ಲೇ ಒಂಚೂರು ವಾಲತಾವ, ಅಷ್ಟ. ನೀರಿನ ಕಣ ಹಂಗಲ್ಲ, ಎಳೆತ ಬಂದ ಕಡಿಗೆ ಮುಖ ತಿರುಗಿಸಿಬಿಡತಾವ. ಎಷ್ಟು ತಿರುಗ್ಯಾವು ಅನ್ನೋದರ ಮ್ಯಾಲ ಮುಳ್ಳು ಏರತೈತಿ."

ಎರ್ರಮ್ಮ ಸಾವಧಾನವಾಗಿ ಕೇಳಿದಳು. "ಭಾಳ ಚಲೋ ಐತ್ರಿ," ಎಂದಳು, ಮನಸಾರೆ. ಆಮೇಲೆ ಕೇಳಿದಳು: "ತೂಕ ಮಾಡೋರು ಮದಲು ಬರೇ ತಕ್ಕಡಿ ಎತ್ತಿ ತೋರಸ್ತಾರ. ನಿಮ್ಮ ಡಬ್ಬಿ ಖಾಲಿ ಇದ್ದಾಗ ಏನು ಹೇಳತೈತ್ರಿ?"

ಗುರುಬಸವರಾಜ ಡಬ್ಬಿಯತ್ತ ನೋಡಿದ. ಪ್ರತಿ ಸಲವೂ ನೋಡಬೇಕಾದದ್ದು ಅದು. ಜನಜಂಗುಳಿಯಲ್ಲಿ ಮುಂಜಾನೆಯಿಂದ ನೋಡಿರಲಿಲ್ಲ. ಕಾಳು ಹೊರಗೆ ಸುರಿದು, ಖಾಲಿ ಡಬ್ಬಿಯನ್ನೇ ಇಟ್ಟ. ಮುಳ್ಳು ಸೊನ್ನೆಯಲ್ಲಿ ನಿಲ್ಲಲಿಲ್ಲ. ಬೆರಳು ಹಾಕಿದರೆ ತಗಡುಗಳ ಸಂದಿಯಲ್ಲಿ ಒದ್ದೆ ಹಿಟ್ಟು ಮೆತ್ತಿಕೊಂಡಿತ್ತು. ಮೊದಲ ಗಾಡಿಯ ಹಸಿ ಕಾಳಿನದು. ಒರೆಸಿ, ಬಿಸಿಲಿಗೆ ಹಿಡಿದು ಆರಿಸಿ, ಅವಳ ಕಾಳನ್ನು ಮತ್ತೆ ಸುರಿದ.

ಮುಳ್ಳು ಹನ್ನೊಂದೂವರೆಗೆ ನಿಂತಿತು.

ಅಷ್ಟೊತ್ತಿಗಾಗಲೇ ಇದೇ ಡಬ್ಬಿಯಲ್ಲಿ ಅಳೆದು ಮೂವರು ರೈತರನ್ನು ಅವನು ವಾಪಸು ಕಳಿಸಿದ್ದ. ಕಾರ್ಯದರ್ಶಿ ಸೋಮಶೇಖರ್ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹೋದೋರು ಹೋದ್ರು. ಸುಮ್ಮನಿರಪಾ, ಸಂಘದ ಹೆಸರು ಕೆಡತೈತಿ."

ಎರ್ರಮ್ಮ ತನ್ನ ಚೀಲಗಳನ್ನು ಒಂದೊಂದಾಗಿ ಗೋಡೆಯ ಕಡೆಗೆ ಎಳೆಯತೊಡಗಿದ್ದಳು. "ನಂದು ಆಮ್ಯಾಲ ತಗೊಳ್ರಿ ಸರ. ವಾಪಸ್ ಹೋದೋರು ನನಗಿಂತ ಮದಲು ಬಂದೋರು."

ಗುರುಬಸವರಾಜ ಸಾಲಿನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಮುಂಜಾನಿಂದ ನಾನು ಅಳದದ್ದು ತಪ್ಪಾಗೈತಿ. ಹೋದೋರನ್ನ ಕರಕೊಂಡು ಬರತೀನಿ. ಯಾರೂ ಹೋಗಬ್ಯಾಡ್ರಿ." ಬೈಕು ಹತ್ತಿದ.

ಹಡಗಲಿ ರಸ್ತೆಯ ಚಹಾದಂಗಡಿಯ ಮುಂದೆ, ಆ ಮೂವರಲ್ಲೊಬ್ಬನಾದ ದೊಡ್ಡಬೀರಪ್ಪನ ಟ್ರ್ಯಾಕ್ಟರು ಸಿಕ್ಕಿತು. ಚೀಲಗಳು ಹಾಗೇ ಇದ್ದವು. ಗುರುಬಸವರಾಜ ನಡೆದದ್ದನ್ನೆಲ್ಲ ಹೇಳಿದ, ಏನನ್ನೂ ಮುಚ್ಚಿಡಲಿಲ್ಲ.

"ಯಾರು ಹಿಡದರು ಇದನ್ನ?"

"ಹಲವಾಗಲ ಎರ್ರಮ್ಮಾರು. ನನ್ನ ಓದಿಗೆ ಹೊಳೀಲಿಲ್ಲ."

ದೊಡ್ಡಬೀರಪ್ಪ ತನ್ನ ಚಹಾದಲ್ಲಿ ಅರ್ಧವನ್ನು ಕಪ್ಪಿನ ಬಸಿಗೆ ಸುರಿದು, ಬೆಂಚಿನ ಮೇಲೆ ಅವನ ಕಡೆಗೆ ಸರಿಸಿದ.