ಸೂರ್ಯ ಮುಳುಗುವ ತನಕ ಆಟವಿಲ್ಲ

ಹಾರ್ಲೋ ಊರಿನ ಬೇಸ್‌ಬಾಲ್ ಮೈದಾನ ಪಡುವಣಕ್ಕೆ ಮುಖ ಮಾಡಿ ಕೂತಿದೆ. ಅದನ್ನು ಕಟ್ಟಿದ ಕಾಲಕ್ಕೆ ದೀಪಗಳಿರಲಿಲ್ಲ, ಆಟ ಮಧ್ಯಾಹ್ನವೇ ಮುಗಿಯುತ್ತಿತ್ತು. ಮುಂದೊಂದು ದಿನ ಸಂಜೆಯಾಟ ಬಂದೀತೆಂದು ಯಾರು ಕಂಡಿದ್ದರು? ಈಗ ಕಾಗದದ ಕಾರ್ಖಾನೆಯ ಚಿಮಣಿಯ ಪಕ್ಕಕ್ಕೆ ಇಳಿಯುವ ಸೂರ್ಯ ನೇರವಾಗಿ ಬ್ಯಾಟುಗಾರನ ಕಣ್ಣಿಗೇ ಬಡಿಯುತ್ತಾನೆ. ಆಗ ಅಂಪೈರ್ ಕೈಯೆತ್ತಿ ಆಟ ನಿಲ್ಲಿಸುತ್ತಾನೆ. ಆಟಗಾರರು ಹುಲ್ಲಿನ ಮೇಲೆ ಕಾಲು ಚಾಚುತ್ತಾರೆ. ಮರದ ಬೆಂಚುಗಳ ಮೇಲಿನ ಜನ ಜೇನಿನಲ್ಲಿ ಅದ್ದಿದವರಂತೆ ಸುಮ್ಮನಾಗುತ್ತಾರೆ.

ಆಟ ಮತ್ತೆ ಶುರುವಾಗುವುದು ಹೆಸ್ಟರ್ ಪ್ರ್ಯಾಟ್ ತನ್ನ ಹುಲ್ಲುಟೋಪಿ ತೆಗೆದಾಗ. ಬ್ಯಾಟುಗಾರನ ಬೆನ್ನ ಹಿಂದಿನ ಮೊದಲ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯರಿಗೆ ಸೇರಿದ ಹಕ್ಕು ಅದು. ಸೂರ್ಯ ಚಿಮಣಿಯಾಚೆಯ ಗುಡ್ಡದ ಹಿಂದಾದ ಮೇಲೆ ಟೋಪಿ ತೆಗೆಯಬೇಕು, ಅದನ್ನು ನೋಡಿ ಅಂಪೈರ್ ಚೆಂಡು ಕೊಡುತ್ತಾನೆ. ಹನ್ನೊಂದು ಬೇಸಿಗೆಗಳಿಂದ ಆ ಹಕ್ಕು ಹೆಸ್ಟರಳದು.

ಈ ವಸಂತದಲ್ಲಿ ಅವಳ ನೋಟದ ನಟ್ಟನಡುವೆ ಒಂದು ಹಳದಿ ಮಬ್ಬು ಬಂದು ಕೂತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಟೋಪಿಯ ಹಕ್ಕು ಇನ್ನೊಬ್ಬರಿಗೆ ಹೋಗುತ್ತದೆ. ಆದರೂ ಬೇಸಿಗೆಯಿಡೀ ಒಂದು ದಿನವೂ ತಪ್ಪಾಗಿರಲಿಲ್ಲ. ಕಣ್ಣಿಗಲ್ಲದಿದ್ದರೂ ಮೈಗೆ ತಿಳಿಯುತ್ತದೆ ಎಂದು ಅವಳು ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ಆ ಆಗಸ್ಟ್ ಸಂಜೆ ಆಟ ನಿಂತಾಗ, ಮೂರು ದಿನದ ಹಿಂದಷ್ಟೇ ತಂಡಕ್ಕೆ ಸೇರಿದ ಟವಾರೆಸ್ ಎಂಬ ಬ್ಯಾಟುಗಾರ ಬೆಂಚುಗಳ ಮುಂದೆ ಕಟ್ಟಿದ್ದ ಬಲೆಯ ಹತ್ತಿರ ಬಂದ.

"ಅಜ್ಜೀ, ಟೋಪಿ ನಿಮ್ಮದೇನಾ? ಸರಿಯಾಗಿ ನೋಡಿ ತೆಗೀರಿ. ನನ್ನ ಹಲ್ಲೆಲ್ಲ ನಿಮ್ಮ ಕೈಯಲ್ಲಿದೆ."

"ನಿನ್ನ ಬ್ಯಾಟಿಂಗಿಗೆ ಬಿಸಿಲಿದ್ರೇನು, ಹೋದ್ರೇನು ಮಾರಾಯ!" ಹಿಂದಿನಿಂದ ಯಾರೋ ಕೂಗಿದರು. ಅವನೂ ನಕ್ಕ.

ಹೆಸ್ಟರ್ ನಗಲಿಲ್ಲ. ಒಮ್ಮೆ ಅವಸರದಲ್ಲಿ ಆಟ ಶುರುಮಾಡಿ, ಚೆಂಡು ಕಾಣದೆ ಒಬ್ಬನ ದವಡೆ ಮುರಿದದ್ದನ್ನು ಅವಳು ಇದೇ ಜಾಗದಿಂದ ಕಂಡಿದ್ದಳು.

ಅವಳು ಕಾದಳು. ಮೈ ಏನೂ ಹೇಳಲಿಲ್ಲ. ಮಬ್ಬು ಹಾಗೇ ಹೊಳೆಯುತ್ತಿತ್ತು. ಎಲ್ಲಿಂದಲೋ ಕತ್ತರಿಸಿದ ಹುಲ್ಲಿನ ವಾಸನೆ, ಹೊಳೆಯ ತಂಪು ಬಂದವು. ಆಗ ಅವಳಿಗೆ ತನ್ನ ಮಡಿಲು ಬರಿದಾಗಿದೆ ಅನ್ನಿಸಿತು.

ಕಡಲೆಕಾಯಿ ಮಾರುವ ರಾಸ್ಕೋ ಇವತ್ತು ಬಂದಿಲ್ಲ, ಮಗಳ ಮದುವೆ. ದಿನವೂ ಇದೇ ಹೊತ್ತಿಗೆ ಬೆಚ್ಚಗಿನ ಪೊಟ್ಟಣವೊಂದು ಮಡಿಲಿಗೆ ಬೀಳುತ್ತಿತ್ತು. "ಕಡಲೆಕಾಯಿ, ಹೆಸ್ಟರಮ್ಮ!" ಅವನ ಮುಖ ನೋಡಲು ಅವಳು ಟೋಪಿ ತೆಗೆಯುತ್ತಿದ್ದಳು. ಆಟ ಶುರುವಾಗುತ್ತಿತ್ತು.

ದಿನವೂ ಸರಿಯಾಗಿ ಸೂರ್ಯ ಮುಳುಗಿದ ಹೊತ್ತಿಗೇ, ಬೇಸಿಗೆಯಿಡೀ.

ಹೆಸ್ಟರಳ ಕಿವಿ ಬಿಸಿಯಾಯಿತು. ಅಂಪೈರ್ ಇತ್ತಲೇ ನೋಡುತ್ತಿರಬೇಕು. ಅಂದಾಜಿನ ಮೇಲೆ ತೆಗೆದುಬಿಡಬಹುದಿತ್ತು. ಬಹುಶಃ ಸರಿಯೂ ಆಗುತ್ತಿತ್ತು. ಬಲೆಯಾಚೆ ಟವಾರೆಸ್ ಬ್ಯಾಟಿನಿಂದ ಬೂಟು ತಟ್ಟಿ ಮಣ್ಣು ಉದುರಿಸುವುದು ಕೇಳಿಸಿತು. ಅವಳು ಪಕ್ಕದಲ್ಲಿ ಹೆಣೆಯುತ್ತ ಕೂತಿದ್ದ ಲೊರೇನಳ ತೋಳು ಹಿಡಿದಳು.

"ಲೊರೇನ್, ಸೂರ್ಯ ಎಲ್ಲಿದ್ದಾನೆ? ನಂಗೆ ಕಾಣ್ತಿಲ್ಲ ಕಣೆ."

ಹೇಳಿದ್ದಾಯಿತು. ಲೊರೇನ್ ತಿರುಗಿಯೂ ನೋಡಲಿಲ್ಲ, ಹೆಣಿಗೆಯನ್ನೂ ನಿಲ್ಲಿಸಲಿಲ್ಲ.

"ಚಿಮಣಿ ಹತ್ರ, ಇನ್ನೂ ಅರ್ಧ ಇದ್ದಾನೆ. ಪೂರ್ತಿ ಮುಳುಗಿದ್ಮೇಲೆ ನಿಮ್ಮ ಮಡಿಲಿಗೆ ನನ್ನ ನೂಲಿನ ಉಂಡೆ ಎಸೀಬೇಕು ಅಂತಿದ್ದೆ. ರಾಸ್ಕೋ ಹೇಳಿಹೋಗಿದ್ದಾನೆ."

"ಈ ಸಾಲಿಗೆಲ್ಲ ಗೊತ್ತಾ?"

"ಮೂರನೇ ಸಾಲಿನ ತನಕ."

"ಹಾಗಾದ್ರೆ ಟೋಪಿ ನೀನೇ ಹಾಕ್ಕೋ," ಎಂದಳು ಹೆಸ್ಟರ್.

"ಅಯ್ಯೋ, ನನ್ನ ತಲೆ ದೊಡ್ಡದು. ನೋಡೋದು ನನ್ನ ಕೆಲಸ, ತೆಗೆಯೋದು ನಿಮ್ಮದು. ಉಂಡೆಗಿಂಡೆ ಏನೂ ಬೇಡ, ಬಾಯಿಬಿಟ್ಟೇ ಹೇಳ್ತೀನಿ. ಸುಮ್ನೆ ಕೂತ್ಕೊಳ್ಳಿ."

ಹೆಣಿಗೆಯ ಕಡ್ಡಿಗಳು ಕಟಕಟ ಎನ್ನುತ್ತಿದ್ದವು. ಆಮೇಲೆ ನಿಂತವು.

"ಹೋದ," ಎಂದಳು ಲೊರೇನ್.

ಹೆಸ್ಟರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ತಲೆಗೂದಲಿಗೆ ಗಾಳಿ ತಗುಲಿತು. ಮಬ್ಬಿನೊಳಗೆಲ್ಲೋ ಬ್ಯಾಟು ಚೆಂಡನ್ನು ಕಂಡಿತು. ಠಪ್ಪೆಂಬ ಆ ಸದ್ದು ಮೇಲೇರಿ ಹೊಳೆಯತ್ತ ಹೋಗುತ್ತಲೇ ಇತ್ತು.