ಬಾಗಿಲ ಮೇಲಿನ ಪ್ರೊಫೆಸರ್

ಕಾಲೇಜಿನ ಹುದ್ದೆಗಳಿಗೂ ಒಂದು ಏಣಿ ಇದೆ. ತುದಿಯಲ್ಲಿ ಪ್ರಾಧ್ಯಾಪಕರು, ಕೆಳಗೆ ಸಹ ಪ್ರಾಧ್ಯಾಪಕರು, ಇನ್ನೂ ಕೆಳಗೆ ಸಹಾಯಕ ಪ್ರಾಧ್ಯಾಪಕರು. ಏಣಿ ಅಲ್ಲಿಗೆ ಮುಗಿಯಿತು. ಅದನ್ನು ಹಿಡಿದುಕೊಂಡು ನೆಲದ ಮೇಲೆ ನಿಂತವನು ನಾನು, ಹುನಗುಂದದ ಕಾಲೇಜೊಂದರ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದಿಂದ ಅತಿಥಿ! ಬೀಗರೂ ಇಷ್ಟು ದಿನ ಕೂರುವುದಿಲ್ಲ.

ಆದರೆ ಇಳಕಲ್ಲಿನ ನಮ್ಮ ಮನೆಯ ಬಾಗಿಲ ಮೇಲೆ ‘ಪ್ರೊಫೆಸರ್ ನಾಗಲಿಂಗ’ ಎಂಬ ಹಿತ್ತಾಳೆ ಫಲಕವಿದೆ. ಅವ್ವನ ಖುಷಿಗೆ ಹಾಕಿಸಿದ್ದು ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಅಕ್ಷರ ಇನ್ನಷ್ಟು ದೊಡ್ಡದಿರಲಿ ಎಂದು ಅಂಗಡಿಯವನ ತಲೆ ತಿಂದವನು ನಾನೇ.

ಮೊನ್ನೆ ಆಹಾರ ಇಲಾಖೆಯ ಹನಮಂತಪ್ಪನವರು ರೇಷನ್ ಕಾರ್ಡ್ ಪರಿಶೀಲನೆಗೆ ಬಂದರು. ಫಲಕ ಓದಿದರು, ಪೆನ್ನು ತೆಗೆದರು.

“ಪ್ರೊಫೆಸರ್ ಮನ್ಯಾಗ ಬಿಪಿಎಲ್ ಕಾರ್ಡ್ ಏನ್ರಿ? ರದ್ದ ಮಾಡಬೇಕಾಗ್ತೈತಿ.”

ಮುಂದಿನ ವಾರ ಬಾಗಲಕೋಟೆಯಲ್ಲಿ ಅವ್ವನ ಮೊಣಕಾಲಿನ ಆಪರೇಷನ್ ಪುಕ್ಕಟೆ ಆಗಬೇಕಿದ್ದದ್ದು ಅದೇ ಕಾರ್ಡಿನ ಮೇಲೆ. ಅವ್ವ ಪಡಸಾಲೆಯಲ್ಲೇ ಕಾಲು ಚಾಚಿ ಕೂತಿದ್ದಳು. ಸಾಹೇಬರನ್ನು ಅಂಗಳದ ಮೂಲೆಗೆ ಕರೆದೊಯ್ದು ಪಿಸುಗುಟ್ಟಿದೆ.

“ನಾ ಪ್ರೊಫೆಸರ್ ಅಲ್ರಿ. ಬರೇ ಗೆಸ್ಟ್.”

“ಜೋರ ಹೇಳ್ರಿ. ನನಗ ಕಿವಿ ಮಂದ.”

ಬುದ್ಧಿ ಇದ್ದವನಾದರೆ ಜೋರಾಗಿ ಹೇಳುತ್ತಿದ್ದ. ನೂರು ಹುಡುಗರ ಮುಂದೆ ಗಂಟಲು ಹರಿದುಕೊಳ್ಳುವ ನಾನು ಕೆಮ್ಮಿದೆ. ಅವ್ವನ ಎದುರು ಆ ಮಾತು ಬಾಯಿಗೆ ಬರಲೇ ಇಲ್ಲ. ಹನಮಂತಪ್ಪನವರು ಬರೆಯತೊಡಗಿದರು.

“ಸಾಹೇಬ್ರ, ಬರೀಬ್ಯಾಡ್ರಿ!” ಅವ್ವ ಗೋಡೆ ಹಿಡಿದು ಎದ್ದಳು. “ಅಂವ ಪ್ರೊಫೆಸರ್ ಅಲ್ಲ. ಪ್ರತಿ ವರ್ಷ ಪರೀಕ್ಷಿ ಮುಗದ ಕೂಡ್ಲೇ ಕೆಲಸದಿಂದ ಬಿಡಸ್ತಾರ. ಆ ಎರಡ ತಿಂಗಳ ದಿನಾ ಚೀಲ ಹಾಕ್ಕೊಂಡು ಹೋಗಿ ಬಸ್‌ಸ್ಟ್ಯಾಂಡಿನ್ಯಾಗ ಕುಂದರ್ತಾನ.”

ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

“ಯವ್ವಾ, ನಿನಗ ಯಾರ ಹೇಳಿದ್ರು?”

“ಯಾರ ಹೇಳಬೇಕು? ಮೊದಲನೇ ವರ್ಷ ಬುತ್ತಿ ಮರತ ಹೋಗಿದ್ದಿ. ಕೊಡಾಕಂತ ಬೆನ್ನ ಹತ್ತಿ ಬಂದೆ. ಹುನಗುಂದದ ಬಸ್ಸು ಬಂತು, ಹೋತು. ನೀ ಹತ್ತಲಿಲ್ಲ.”

ಹನಮಂತಪ್ಪನವರು ಬರೆದದ್ದನ್ನು ಹೊಡೆದುಹಾಕಿ, ನನ್ನ ಮುಖ ನೋಡದೆ ಹೊರಟರು. ಕಾರ್ಡ್ ಉಳಿಯಿತು. ಅವ್ವನನ್ನು ಹಿಡಿದು ಕೂರಿಸುವಾಗ ನನಗೆ ಅಳು ತಡೆಯಲಾಗಲಿಲ್ಲ.

“ಇಷ್ಟ ವರ್ಷ ಯಾಕ ಸುಮ್ನಿದ್ದಿ ಯವ್ವಾ?”

“ಗೊತ್ತೈತಿ ಅಂದಿದ್ರ, ಮುಂಜಾನಿ ಎದ್ದು ನೀ ಎಲ್ಲಿಗೆ ಹೋಗ್ತಿದ್ದಿ?” ಎಂದಳು ಅವ್ವ.