ದೊಡ್ಡಕ್ಕನ ಮಾತು

ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಹೆಂಗಸರೆಲ್ಲ ಮೇಲ್ವಿಚಾರಕಿಯನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ನೋಡಿದರೆ ಅವಳು ಅಕ್ಕನಾಗಿದ್ದುದು ಒಬ್ಬಳಿಗೆ ಮಾತ್ರ, ಇಸ್ತ್ರಿ ಮೇಜಿನ ಬಳಿ ನಿಲ್ಲುತ್ತಿದ್ದ ತಂಗಿಗೆ. ತಾಯಿ ತೀರಿಕೊಂಡ ಮೇಲೆ ಆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿ, ಮದುವೆ ಮಾಡಿಕೊಟ್ಟು, ಕೊನೆಗೆ ತನ್ನ ಕೈಕೆಳಗೇ ಕೆಲಸಕ್ಕೂ ಸೇರಿಸಿಕೊಂಡಿದ್ದಳು. ತಂಗಿ ಬಾಯಿತುಂಬ ‘ಅಕ್ಕಾ’ ಎನ್ನುವುದನ್ನು ಕೇಳಿ ಕೇಳಿ ಉಳಿದವರಿಗೂ ಅದೇ ರೂಢಿಯಾಯಿತು. ರಕ್ತದ ಕಲೆ ಹೋಗದಿದ್ದರೆ ಏನು ಮಾಡಬೇಕು ಎಂಬುದರಿಂದ ಹಿಡಿದು ಗಂಡ ಕೈಮಾಡಿದರೆ ಯಾರ ಮನೆಗೆ ಹೋಗಬೇಕು ಎಂಬುದರವರೆಗೆ, ಎಲ್ಲದಕ್ಕೂ ಅವರು ದೊಡ್ಡಕ್ಕನ ಮುಖ ನೋಡುತ್ತಿದ್ದರು.

ಆದರೆ ಮೇಲಿನವರ ಮುಂದೆ ನಿಂತರೆ ದೊಡ್ಡಕ್ಕನ ನಾಲಿಗೆ ಒಣಗುತ್ತಿತ್ತು. ಲಾಂಡ್ರಿಯನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸುತ್ತಾರೆ, ಅಲ್ಲಿ ಎಲ್ಲವೂ ಹೊಸ ಯಂತ್ರ ಎಂದು ಮ್ಯಾನೇಜರ್ ಕರೆದು ಹೇಳಿದಾಗ ಅವಳು ಸುಮ್ಮನೆ ತಲೆಯಾಡಿಸಿದಳು. “ನಿಮ್ಮವರನ್ನ ನೀವೇ ಒಪ್ಪಿಸ್ಬೇಕಮ್ಮ. ಮುಂದೆ ನಿಂತು ನಡೆಸೋರು ನೀವೇ,” ಎಂದ ಅವನು. ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕೇಳದೆ ಅವಳು ಮೆಟ್ಟಿಲಿಳಿದಳು.

ಇಂಥ ಅಂಜಿಕೆಗೂ ಆಸ್ಪತ್ರೆಯವರ ಹತ್ತಿರ ಮದ್ದಿತ್ತು. ಎಲ್ಲ ವಿಭಾಗಗಳ ಮೇಲ್ವಿಚಾರಕರನ್ನೂ ಸಭಾಂಗಣದಲ್ಲಿ ಕೂರಿಸಿ, ಹೊರಗಿನಿಂದ ಕರೆಸಿದ ಒಬ್ಬ ತರಬೇತುದಾರಳು ಪಾಠ ಹೇಳಿದಳು. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಹೇಳಿಕೊಳ್ಳಬೇಕು: ನಾನು ಧೈರ್ಯವಂತೆ. ಬದಲಾವಣೆಗೆ ನಾನು ಹೆದರುವುದಿಲ್ಲ. ನನ್ನ ಮಾತನ್ನು ನನ್ನವರು ನಂಬುತ್ತಾರೆ. “ಹೇಳ್ತಾ ಹೇಳ್ತಾ ಅದೇ ನಿಜ ಆಗುತ್ತೆ, ನೋಡ್ತಿರಿ,” ಎಂದು ಅವಳು ನಕ್ಕಳು.

ಮೊದಲ ದಿನ ದೊಡ್ಡಕ್ಕನಿಗೆ ನಾಚಿಕೆಯಾಯಿತು. ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ಕಾಯುತ್ತಿದ್ದ ಗಂಡ, “ಏನೇ, ಕನ್ನಡಿ ಜೊತೆ ಜಗಳಾನಾ? ಸದ್ಯ, ನನ್ನ ಪಾಳಿ ತಪ್ತು,” ಎಂದ. ಅವಳೂ ನಕ್ಕಳು. ಆದರೆ ಬಿಡಲಿಲ್ಲ.

ಸುಳ್ಳೇಕೆ, ಆ ಮಾತುಗಳು ಕೆಲಸ ಮಾಡಿದವು. ಕೆಲವೇ ವಾರಗಳಲ್ಲಿ ಅವಳ ಬೆನ್ನು ನೆಟ್ಟಗಾಯಿತು. ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂರುವಷ್ಟು ಧೈರ್ಯ ಬಂತು. ಅದೇ ಧೈರ್ಯದಲ್ಲಿ ಒಂದು ದಿನ ಕೇಳಿಯೂಬಿಟ್ಟಳು: “ಸಾರ್, ಯಾರ ಕೆಲಸಾನೂ ಹೋಗಲ್ಲ ತಾನೆ?”

“ನೀವೇ ಹೀಗೆ ಅನುಮಾನ ಪಟ್ರೆ ಅವರು ಹೇಗಮ್ಮ ನಂಬ್ತಾರೆ?” ಎಂದ ಮ್ಯಾನೇಜರ್, ಕನ್ನಡಕ ಒರೆಸಿಕೊಳ್ಳುತ್ತ.

ಅದು ತನ್ನ ಪ್ರಶ್ನೆಗೆ ಉತ್ತರವಲ್ಲ ಎಂಬುದು ಅವಳಿಗೆ ಆಗಲೇ ಹೊಳೆಯಿತು. ರಾತ್ರಿ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ಮಾಮೂಲಿಗಿಂತ ಗಟ್ಟಿಯಾಗಿ ಹೇಳಿಕೊಂಡಳು. ಆ ಅನುಮಾನ ಮೆಲ್ಲಗೆ ಅಡಗಿತು. ಅಡಗಿದ್ದನ್ನೇ ಅವಳು ಧೈರ್ಯವೆಂದುಕೊಂಡಳು.

ಇತ್ತ ಲಾಂಡ್ರಿಯಲ್ಲಿ ಕೆಲಸ ಹೋಗುತ್ತದಂತೆ ಎಂಬ ಗುಸುಗುಸು ಹೆಚ್ಚಾಯಿತು. ಅಲ್ಲಿ ಒಬ್ಬಳಿದ್ದಳು, ಒಗೆಯುವ ಯಂತ್ರದ ಸದ್ದನ್ನೂ ಮೀರಿಸಿ ಮಾತಾಡುವವಳು. ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ರೇಡಿಯೋ ಕೊಳೆಬಟ್ಟೆಯ ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಅದರ ಮೇಲೆ ಹತ್ತಿ ಕೂತಳು.

“ಯಾರೂ ಒಂದು ಚಾದರ್ ಮುಟ್ಬೇಡಿ. ಮೇಲೆ ಹಾಸಿಗೆಗೆ ಹಾಸೋಕೆ ಇಲ್ಲ ಅಂದ್ರೆ ಆ ಮಹಾಶಯರು ತಾವಾಗೇ ಇಳಿದು ಬರ್ತಾರೆ. ಬಂದು ನಮ್ಮ ಮುಂದೆ ಬಾಯಿ ಬಿಟ್ಟು ಹೇಳ್ಲಿ.”

ಹೆಂಗಸರೆಲ್ಲ ಕೈ ಒರೆಸಿಕೊಂಡು ನಿಂತರು. ಬಾಯ್ಲರ್ ಹಬೆ ಸುಮ್ಮನೆ ಹಾರುತ್ತಿತ್ತು. ಹಿಂದಿನ ದೊಡ್ಡಕ್ಕನಾಗಿದ್ದರೆ ತಾನೂ ಅವರ ಪಕ್ಕ ನಿಲ್ಲುತ್ತಿದ್ದಳು, ಇಲ್ಲವೇ ಮೂಲೆಗೆ ಹೋಗಿ ಅಳುತ್ತಿದ್ದಳು. ಈಗ ಅವಳು ನಡುವೆ ಬಂದು ನಿಂತಳು.

“ನಾನಿದೀನಿ. ಒಬ್ಬರ ಕೆಲಸಾನೂ ಹೋಗಲ್ಲ. ಹೊಸ ಕಡೆ ಎಲ್ಲರೂ ಒಟ್ಟಿಗೆ ಹೋಗ್ತೀವಿ. ಇದು ನನ್ನ ಮಾತು.”

ದನಿ ಒಂದಿಷ್ಟೂ ಅಲುಗಲಿಲ್ಲ. ರೇಡಿಯೋ ಅವಳ ಮುಖವನ್ನೇ ನೋಡಿದಳು. ಆಮೇಲೆ ಗಾಡಿಯಿಂದ ಕೆಳಗೆ ಧುಮುಕಿ, “ನೀನು ಹೇಳ್ತಿದೀಯ ಅಂತ ಇಳಿದೆ, ಅಷ್ಟೇ,” ಎಂದಳು.

ಅದೇ ವಾರ ತಂಗಿಗೆ ದೊಡ್ಡ ಹೋಟೆಲೊಂದರ ಬಟ್ಟೆ ವಿಭಾಗದಿಂದ ಕರೆ ಬಂದಿತ್ತು. ಊಟದ ಡಬ್ಬಿ ತೊಳೆಯುತ್ತ ಕೇಳಿದಳು, “ಅಕ್ಕಾ, ಹೋಗ್ಲಾ, ಇರ್ಲಾ? ನೀನು ಹೇಳಿದ ಹಾಗೆ.”

“ಇರು,” ಎಂದಳು ದೊಡ್ಡಕ್ಕ. ಅರೆಕ್ಷಣವೂ ಯೋಚಿಸಲಿಲ್ಲ. ತಂಗಿ ಹೋಟೆಲಿನವರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಕಟ್ಟಡ ಸಿದ್ಧವಾಯಿತು. ಒಂದು ಬೆಳಿಗ್ಗೆ ಹೆಂಗಸರು ಬಂದರೆ ಲಾಂಡ್ರಿಗೆ ಬೀಗ, ಬಾಯ್ಲರ್ ತಣ್ಣಗಿತ್ತು. ಹೊಸ ಕಡೆ ಯಂತ್ರಗಳೇ ಒಗೆದು, ಒಣಗಿಸಿ, ಮಡಚಿಯೂ ಕೊಡುತ್ತವಂತೆ; ನೋಡಿಕೊಳ್ಳುವುದಕ್ಕೆ ಯಂತ್ರ ಕೊಟ್ಟ ಕಂಪನಿಯವರ ಜನ ಆಗಲೇ ಬಂದಿದ್ದರಂತೆ. ಬಾಗಿಲ ಬಳಿಯ ಕಾವಲುಗಾರ ಇಷ್ಟನ್ನು ಹೇಳಿ ತಲೆ ತಗ್ಗಿಸಿದ.

ದೊಡ್ಡಕ್ಕ ಮ್ಯಾನೇಜರ್ ಕೋಣೆಗೆ ಓಡಿದಳು. “ನಾನು ಮಾತು ಕೊಟ್ಟಿದ್ದೆ ಸಾರ್!”

“ನಾವು ಕೊಟ್ಟಿರ್ಲಿಲ್ಲವಲ್ಲಮ್ಮ,” ಎಂದ ಅವನು, ಬೇಸರವಿಲ್ಲದೆ. “ಆದ್ರೂ ಒಂದು ಗಲಾಟೆ ಇಲ್ದೆ ಎಷ್ಟು ಚೆನ್ನಾಗಿ ನಡೆಸಿದ್ರಿ! ನಮ್ಮ ಇನ್ನೊಂದು ಆಸ್ಪತ್ರೇಲೂ ಹೀಗೇ ಆಗಬೇಕಿದೆ. ನೀವು ಅಲ್ಲಿಗೆ ಬನ್ನಿ.”

ಅವಳು ಕೆಳಗೆ ಬಂದಾಗ ಹೆಂಗಸರು ಇನ್ನೂ ಅಲ್ಲೇ ನಿಂತಿದ್ದರು. ಯಾರೂ ಕೂಗಾಡಲಿಲ್ಲ. ರೇಡಿಯೋ ಮೊದಲ ಸಲ ತಗ್ಗಿದ ದನಿಯಲ್ಲಿ ಮಾತಾಡಿದಳು: “ಅವನನ್ನ ನಾವು ಯಾವತ್ತು ನಂಬಿದ್ವಿ ಹೇಳು? ಆ ಮಾತು ಅವನ ಬಾಯಲ್ಲಿ ಬಂದಿದ್ರೆ ಅವತ್ತೇ ಉಗಿದು ಕಳಿಸ್ತಿದ್ವಿ.”

ದೊಡ್ಡಕ್ಕ ಇನ್ನೊಂದು ಆಸ್ಪತ್ರೆಯ ಕೆಲಸ ಒಪ್ಪಿಕೊಂಡಳೇ ಎಂದು ಕೇಳಿದರೆ, ಒಪ್ಪಿಕೊಂಡಳು. ಗಂಡನ ಕೆಲಸ ಇಂದಿದ್ದರೆ ನಾಳೆ ಇಲ್ಲ. ತಾನು ಒಳಗಿದ್ದರೆ ತಂಗಿಗಾದರೂ ಒಂದು ದಾರಿ ಮಾಡಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿಕೊಳ್ಳುವುದು ಈಗ ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

ಆ ಮಾತನ್ನೇ ಹೇಳಲು ಹಣ್ಣಿನ ಚೀಲ ಹಿಡಿದು ತಂಗಿಯ ಮನೆಗೆ ಹೋದಳು. ಹೋಟೆಲಿನ ಜಾಗ ಆಗಲೇ ಬೇರೆಯವರ ಪಾಲಾಗಿತ್ತು. ತಂಗಿ ಅಕ್ಕಪಕ್ಕದ ಮನೆಗಳ ಬಟ್ಟೆ ತಂದು ನಡುಮನೆಯಲ್ಲೇ ಇಸ್ತ್ರಿ ಮಾಡುತ್ತಿದ್ದಳು. ಬಾಗಿಲಲ್ಲಿ ಅಕ್ಕನನ್ನು ಕಂಡು ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಬಟ್ಟೆ ಸರಿಸಿ ಕುರ್ಚಿ ಒರೆಸಿದಳು.

“ಬನ್ನಿ, ಕೂತ್ಕೊಳ್ಳಿ,” ಎಂದಳು.

ಹುಟ್ಟಿ ಮಾತು ಕಲಿತಾಗಿನಿಂದ ‘ನೀನು’ ಎಂದವಳು. ಜ್ವರದಲ್ಲಿ, ಜಗಳದಲ್ಲಿ, ಹೆರಿಗೆ ನೋವಿನಲ್ಲಿ ‘ಅಕ್ಕಾ, ನೀನು ಹೋಗ್ಬೇಡ ಕಣೇ’ ಎಂದು ಕೈ ಹಿಡಿದವಳು.

“ಏನೇ ಇದು, ನನಗೆ ಬನ್ನಿ ಅಂತೀಯಾ? ಬೈದುಬಿಡೇ. ಎರಡೇಟು ಹೊಡಿ ಬೇಕಾದ್ರೆ.”

“ಛೇ, ನಿಮಗ್ಯಾಕೆ ಬೈಲಿ,” ಎಂದಳು ತಂಗಿ, ಸ್ವಲ್ಪವೂ ಕೋಪವಿಲ್ಲದೆ. “ಕಾಫಿ ಕುಡೀತೀರಾ?”

ಕಾಫಿ ಬಂತು. ಕುಡಿದದ್ದೂ ಆಯಿತು. ಹೊಸ ಕೆಲಸದ ಸುದ್ದಿಯನ್ನು ದೊಡ್ಡಕ್ಕ ಎತ್ತಲೇ ಇಲ್ಲ. ಲೋಟ ಎತ್ತಿಕೊಂಡ ತಂಗಿ, ಯಾರದೋ ಅಂಗಿಯ ಕಾಲರಿಗೆ ನೀರು ಚಿಮುಕಿಸಿ, ಮತ್ತೆ ಇಸ್ತ್ರಿಗೆ ನಿಂತಳು.